ಬಿಸಿಲಿಂದ ಬಂದ ಹಾಲು

ವಾಣಿ ಕೆಲಸಕ್ಕೆ ವಾಪಸ್ಸು ಹೋದ ಮೊದಲ ದಿನವೇ ಮನೆಯಲ್ಲಿ ಜಗಳವಾಯಿತು, ಅದೂ ಒಂದು ಪ್ಲಾಸ್ಟಿಕ್ ಡಬ್ಬಿಗಾಗಿ.

ಅವಳು ಹರಿಹರದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಷಿಯನ್. ದಾವಣಗೆರೆಯ ವಿನೋಬನಗರದ ಮನೆಯಿಂದ ಬೆಳಿಗ್ಗೆ ಎಂಟಕ್ಕೆ ಹೊರಟರೆ ಮತ್ತೆ ಮನೆ ಕಾಣುವುದು ಸಂಜೆ ಆರಕ್ಕೆ. ಮಗಳು ಅಂಕಿತಾಗೆ ಆಗಷ್ಟೇ ನಾಲ್ಕು ತಿಂಗಳು ತುಂಬಿತ್ತು. ಹಗಲು ಹೊತ್ತು ಕೂಸಿನ ಹೊಟ್ಟೆಗೇನು ಎಂದು ಯಾರಾದರೂ ಕೇಳುವ ಮೊದಲೇ ವಾಣಿ ಎಲ್ಲ ಅಣಿ ಮಾಡಿಕೊಂಡಿದ್ದಳು. ಕೈಯಲ್ಲಿ ಒತ್ತುವ ಒಂದು ಪಂಪು ತರಿಸಿದ್ದಳು. ಲ್ಯಾಬಿನಲ್ಲಿ ದಿನಕ್ಕೆರಡು ಸಲ ಹಾಲು ತೆಗೆದು, ತಂಪಾಗಿ ಮನೆಗೆ ತಂದು ಫ್ರಿಜ್ಜಿನಲ್ಲಿಡುವುದು, ಮರುದಿನ ಅದನ್ನು ಅತ್ತೆ ಬಿಸಿನೀರಿನಲ್ಲಿಟ್ಟು ಕುಡಿಸುವುದು ಎಂದು ಮಾತಾಗಿತ್ತು. ಲ್ಯಾಬಿಗೆ ಔಷಧಿ ತುಂಬಿ ಬರುವ ಥರ್ಮೋಕೋಲ್ ಪೆಟ್ಟಿಗೆ, ಅದರೊಳಗಿನ ಐಸ್ ಪ್ಯಾಕು ಪುಕ್ಕಟೆ ಸಿಕ್ಕಿದ್ದವು. ಡಬ್ಬಿಯನ್ನೂ ಅಲ್ಲಿಂದಲೇ ತಂದಳು. ಕೆಂಪು ಮುಚ್ಚಳದ, ಸೀಲು ಒಡೆಯದ ಡಬ್ಬಿ. ಅದಕ್ಕಿಂತ ಶುಚಿಯಾದದ್ದು ಇಡೀ ಊರಿನಲ್ಲಿ ಇನ್ನೊಂದಿಲ್ಲ ಎಂದುಕೊಂಡಿದ್ದಳು. ಓದಿದವರು ಎಡವುವುದು ಇಂಥಲ್ಲೇ.

ಅತ್ತೆ ಗುರುಶಾಂತಮ್ಮ ಫ್ರಿಜ್ಜಿನ ಬಾಗಿಲು ತೆರೆದವಳು ಹಾಗೇ ನಿಂತಳು. ಹೋದ ವರ್ಷ ಸಕ್ಕರೆ ಕಾಯಿಲೆ ನೋಡಿಸಲು ಹೋದಾಗ ಅಂಥದೇ ಡಬ್ಬಿಯನ್ನು ಕೈಗೆ ಕೊಟ್ಟು ಬಚ್ಚಲಿಗೆ ಕಳಿಸಿದ್ದರು.

"ಇದು ಉಚ್ಚಿ ಡಬ್ಬಿ ಅಲ್ಲೇನೇ?"

"ಹೊಸಾದು ಅತ್ತಿ. ಯಾರೂ ಮುಟ್ಟಿಲ್ಲ."

"ಹೊಸಾದಾದ್ರೂ ಅದು ಉಚ್ಚಿ ಡಬ್ಬಿನೇ. ಲಿಂಗಪೂಜೆ ಮಾಡೋ ಮನೇಲಿ ಮೊಸರಿನ ಪಕ್ಕ ತಂದಿಡ್ತೀಯಲ್ಲ, ನಿಂಗೆ ಹೆಂಗಾರ ಮನಸು ಬಂತು?"

"ಮೊಸರಿನ ಪಾತ್ರಿಗಿಂತ ಇದು ಚೊಕ್ಕ ಐತ್ರಿ."

ಈ ಮಾತು ಆಡಬಾರದಿತ್ತು. ಗುರುಶಾಂತಮ್ಮ ಫ್ರಿಜ್ಜಿನಲ್ಲಿದ್ದ ಮೊಸರು, ಹಿಟ್ಟು, ಕೊತ್ತಂಬರಿ ಕಟ್ಟು ಎಲ್ಲವನ್ನೂ ಹೊರಗೆ ತೆಗೆದಿಟ್ಟು ಒರೆಸತೊಡಗಿದಳು. ಮಾವ ಮುರುಗೇಶಪ್ಪ ರೊಟ್ಟಿ ಮುರಿಯುತ್ತ ಕೂತಿದ್ದ. ನಗರಪಾಲಿಕೆಯಲ್ಲಿ ಓಣಿ ಓಣಿಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಊರಿಗೆಲ್ಲ ವಾಲ್ವ್ ತಿರುಗಿಸಿದರೂ ಮನೆಯ ಜಗಳದಲ್ಲಿ ಅವನ ಕೈ ಎಂದೂ ಮುಂದೆ ಬಂದದ್ದಿಲ್ಲ.

"ಗಾಜಿನ ಬಾಟ್ಲಿ ತರ್ತಾನೆ ಬಿಡ್ರೇ ಮಹಾಂತೇಶ," ಎಂದ.

ವಾಣಿಯ ಗಂಡ ಮಹಾಂತೇಶ್ ಮರುದಿನ ನಾಲ್ಕು ಗಾಜಿನ ಬಾಟಲಿ ತಂದುಕೊಟ್ಟ. ಫ್ಲೆಕ್ಸ್ ಪ್ರಿಂಟು ಮಾಡುವ ಅಂಗಡಿ ಇಟ್ಟವನಿಗೆ ಯಾವ ತೊಂದರೆಯೂ ಒಂದು ಸಾಮಾನು ತಂದರೆ ತೀರುತ್ತದೆ ಎಂಬ ನಂಬಿಕೆ. ಈ ಸಲ ಅದು ನಿಜವೆಂದೇ ಕಂಡಿತು. ಅತ್ತೆ ಬಾಟಲಿಗಳನ್ನು ಸೀಗೆಪುಡಿ ಹಾಕಿ ತಿಕ್ಕಿ ಬಿಸಿಲಿಗಿಟ್ಟಳು, ಮತ್ತೆ ಒಂದು ಮಾತೂ ಆಡಲಿಲ್ಲ.

ಆದರೆ ಸಂಜೆಯ ಕಾಟ ತಪ್ಪಲಿಲ್ಲ. ವಾಣಿ ಬಸ್ಸಿಳಿದು ಬರುವಷ್ಟರಲ್ಲಿ ಕುಪ್ಪಸ ಒದ್ದೆಯಾಗಿ ಎದೆ ಕಲ್ಲಾಗಿರುತ್ತಿತ್ತು. ದನಿ ಕೇಳಿದ್ದೇ ಕೂಸು ಅಳಲು ಶುರು. ಎತ್ತಿಕೊಳ್ಳಲು ಹೋದರೆ ಅತ್ತೆ ಅಡ್ಡ ನಿಲ್ಲುವಳು.

"ಕೂಡ್ರು ಮೊದ್ಲು. ಬಿಸಿಲಿಂದ ಬಂದೀ. ನೀರು ಕುಡಿ, ಮೈ ಆರಲಿ. ಮೊದ್ಲಿನ ಹಾಲು ಹಿಂಡಿ ಚೆಲ್ಲಿ, ಆಮ್ಯಾಗೆ ಹಾಕ್ಕ."

"ಅಳ್ತೈತೆ ಅತ್ತಿ."

"ಅಳಲಿ. ಅತ್ರೆ ಏನೂ ಆಗಲ್ಲ. ಬಿಸಿಲ ಹಾಲು ಕುಡಿದ್ರೆ ಆಗ್ತೈತೆ."

ಬಸ್ಸಿನಲ್ಲಿ ಕೂತು ಬಂದವಳಿಗೆ ಯಾವ ಬಿಸಿಲು ಎಂದು ವಾದಿಸಿದ್ದಾಯಿತು. ಎದೆಯೊಳಗಿನ ಹಾಲು ಬಿಸಿಲಿಗೆ ಕೆಡುವುದಿಲ್ಲವೆಂದು ಹೇಳಿದ್ದಾಯಿತು. ಗುರುಶಾಂತಮ್ಮ ಬಾಗಿಲಿಗೆ ಒರಗಿ ನಿಂತು, ಹಿಂಡಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಕೂಸನ್ನು ಕೈಗೆ ಕೊಡುವಳು. ಇಷ್ಟಾಗಿ ಅವಳು ಕೆಟ್ಟ ಅತ್ತೆಯೇನೂ ಅಲ್ಲ. ಸೊಸೆಗೆ ಹಾಲು ಹೆಚ್ಚಲಿ ಎಂದು ದಿನವೂ ಸಬ್ಬಸಿಗೆ ಪಲ್ಯ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಂತ್ಯದ ಗಂಜಿ ಮಾಡುತ್ತಿದ್ದಳು. ತಾನು ಉಂಡಳೋ ಇಲ್ಲವೋ, ವಾಣಿಯ ಡಬ್ಬಿಗೆ ಎರಡು ರೊಟ್ಟಿ ಹೆಚ್ಚೇ ಇರುತ್ತಿತ್ತು.

ಹರಿಹರದಲ್ಲಿ ಬೇರೆ ಪಾಡು. ಲ್ಯಾಬಿನ ಮಾಲೀಕ ಶಿವಯೋಗಪ್ಪ ಫ್ರಿಜ್ಜು ಮುಟ್ಟಬೇಡ ಎಂದಿದ್ದ. ರೋಗಿಗಳ ರಕ್ತದ ಜೊತೆ ಹಾಲಿಟ್ಟರೆ ನೋಡಿದವರು ಏನಂದಾರು ಎಂಬ ಅವನ ಮಾತಿನಲ್ಲಿ ತಪ್ಪಿಲ್ಲವೆಂದು ವಾಣಿಯೂ ಒಪ್ಪಿದ್ದಳು. ಹಾಲು ತೆಗೆಯಲು ಸಿಕ್ಕಿದ್ದು ಚಿಲಕವಿಲ್ಲದ ಸ್ಟೋರ್ ರೂಮು. ಒಂದು ಕಾಲಿನಿಂದ ಬಾಗಿಲು ಒತ್ತಿ ಹಿಡಿದು, ಸೂಜಿಯ ಪೆಟ್ಟಿಗೆಗಳ ಮೇಲೆ ಕೂತು ಪಂಪು ಒತ್ತಬೇಕು. ಒಂದು ದಿನ ಕೊರಿಯರ್ ಹುಡುಗ ಬಾಗಿಲು ದೂಡಿಯೇ ಬಿಟ್ಟ. ಅವತ್ತು ತೆಗೆದಷ್ಟೂ ಹಾಲು ನೆಲಕ್ಕೆ ಹೋಯಿತು. ವಾಣಿ ಮೆಟ್ಟಿಲ ಮೇಲೆ ಬಂದು ಕೂತು ಅತ್ತಳು.

ಮೆಟ್ಟಿಲ ಕೆಳಗೆ ಖೈರುನ್ನೀಸಾಳ ಹೊಲಿಗೆ ಅಂಗಡಿ. ಅವಳು ಯಾಕೆ ಎತ್ತ ಎಂದು ಕೇಳಲಿಲ್ಲ. ಒದ್ದೆ ಕುಪ್ಪಸ ನೋಡಿದಳು, ಸಾಕಾಯಿತು.

"ನಮ್ಮಂಗಡಿ ಹಿಂದೆ ಪರದೆ ಐತೆ ಬಾ. ಅಳತೆ ಕೊಡೋ ಹೆಂಗಸ್ರನ್ನ ಬಿಟ್ರೆ ಯಾರೂ ಬರಲ್ಲ. ಮೂರು ಮಕ್ಕಳನ್ನ ಈ ಮಷೀನಿನ ಕೆಳಗೇ ಬೆಳೆಸೀನಿ ನಾನು."

ಅಲ್ಲಿಂದ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ವಾಣಿ ಆ ಪರದೆಯ ಹಿಂದೆ ಕೂತಳು. ಲ್ಯಾಬಿನ ಅಭ್ಯಾಸದಂತೆ ಪ್ರತಿ ಬಾಟಲಿಗೂ ಬಿಳಿ ಪಟ್ಟಿ ಅಂಟಿಸಿ ತಾರೀಕು, ಗಂಟೆ ಬರೆದಳು. ಸಂಜೆ ಬಂದು ನೋಡಿದರೆ ಹಿಂದಿನ ದಿನದ ಬಾಟಲಿಗಳು ತೊಳೆದು ಬೋರಲು ಹಾಕಿರುತ್ತಿದ್ದವು.

"ಕುಡೀತೇನ್ರಿ?" ಎಂದು ಕೇಳುವಳು.

"ಹೂಂ, ಕುಡೀತು," ಎನ್ನುವಳು ಅತ್ತೆ.

ಐದನೆಯ ವಾರ ಅತ್ತೆ ಸೊಸೆ ಸೂಜಿ ಹಾಕಿಸಲು ಹೋದಾಗ ಮಕ್ಕಳ ಡಾಕ್ಟರು ತೂಕ ನೋಡಿ ಹುಬ್ಬು ಗಂಟಿಕ್ಕಿದರು. ಒಂದು ತಿಂಗಳಲ್ಲಿ ಏರಿದ್ದು ಲೆಕ್ಕಕ್ಕೇ ಇರಲಿಲ್ಲ. ಕೂಸು ಮೂರು ದಿನಕ್ಕೊಮ್ಮೆ ತಿಣುಕುತ್ತ ತಿಣುಕುತ್ತ ಕಕ್ಕಸು ಮಾಡುತ್ತಿತ್ತು.

"ಏನೇನು ಕೊಡ್ತಿದೀರಿ?"

"ಬರೀ ನನ್ನ ಹಾಲು ಡಾಕ್ಟ್ರೇ."

"ಹಾಗಾದ್ರೆ ನಿಮ್ಮ ಹಾಲು ಸಾಲ್ತಿಲ್ಲಮ್ಮ."

ವಾಣಿ ಆ ರಾತ್ರಿ ಊಟ ಮಾಡಲಿಲ್ಲ. ತನ್ನ ಮೈಯೇ ತನಗೆ ಮೋಸ ಮಾಡಿತೆಂದು ಅವಳಿಗೆ ನಾಚಿಕೆಯಾಯಿತು. ಗುರುಶಾಂತಮ್ಮ ಗಂಜಿಯ ಬಟ್ಟಲು ಮುಂದಿಟ್ಟು, "ಉಣ್ಣು. ಹಾಲು ಹೆಚ್ಚತೈತೆ," ಎಂದಳು. ಹಾಗೆನ್ನುವಾಗ ಸೊಸೆಯ ಮುಖ ನೋಡಲಿಲ್ಲ.

ಏಳನೆಯ ವಾರ ಒಂದು ಶನಿವಾರ ಹರಿಹರದಲ್ಲಿ ಮಧ್ಯಾಹ್ನ ಕರೆಂಟು ಹೋಗಿ ಲ್ಯಾಬು ಬೇಗ ಮುಚ್ಚಿತು. ನಾಲ್ಕರ ಹೊತ್ತಿಗೆ ವಾಣಿ ಓಣಿಯ ತುದಿಗೆ ಬಂದಾಗ ಶಿವಮೂರ್ತಪ್ಪ ಕೊಟ್ಟಿಗೆಯ ಮುಂದೆ ಆಕಳ ಕೆಚ್ಚಲು ತೊಳೆಯುತ್ತಿದ್ದ. ಓಣಿಗೆಲ್ಲ ಹಾಲು ಹಾಕುವವನು, ಮಾತಿನ ಮನುಷ್ಯ.

"ಕೂಸಿಗೆ ಹಿಡಿಸ್ತೇನಮ್ಮ ಹಾಲು?"

"ಯಾವ ಹಾಲು?"

"ನಮ್ಮ ಕೆಂದಾಕಳದ್ದು. ನಿಮ್ಮತ್ತಿ ಖಡಕ್ಕಾಗಿ ಹೇಳ್ಯಾರ, ಕೂಸಿಗೆ ಒಂದೇ ಆಕಳ ಹಾಲು ಬೇಕು, ಬೆರಕಿ ಬ್ಯಾಡ ಅಂತ. ಇದರದ್ದು ದಿನಾ ಬ್ಯಾರೆ ಚೊಂಬಿಗೆ ಕರೆದಿಡ್ತೀನಿ. ನಿಮ್ಮ ಮಾವಾರು ಬಂದು ಒಯ್ತಾರೆ."

"ಎಷ್ಟು ದಿನದಿಂದ?"

"ನೀವು ಕೆಲಸಕ್ಕೆ ಹೋಗಾಕ ಹತ್ತಿದಾಗಿಂದ. ಒಂದು ದಿನಾನೂ ತಪ್ಪಿಲ್ಲ ನೋಡ್ರಿ," ಎಂದ ಅವನು, ಮೆಚ್ಚುಗೆಗೆ ಕಾಯುತ್ತ.

ಮನೆಯಲ್ಲಿ ಗುರುಶಾಂತಮ್ಮ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು, ಕೂಸುಗಳಿಗೆ ಹಾಲು ಹಾಕುವ ಮೂತಿಯ ಬಟ್ಟಲು, ಹಿತ್ತಾಳೆಯ ಒಳಲೆಯಿಂದ ಹನಿ ಹನಿ ಕುಡಿಸುತ್ತಿದ್ದಳು. ವಾಣಿ ನೇರ ಅಡುಗೆಮನೆಗೆ ಹೋದಳು. ಬಾಟಲಿಗಳು ತೊಳೆದು ಬೋರಲಾಗಿದ್ದವು. ಒಲೆಯ ಪಕ್ಕ ಚೊಂಬಿತ್ತು.

"ನನ್ನ ಹಾಲು ಎಲ್ಲಿ ಅತ್ತಿ?"

ಗುರುಶಾಂತಮ್ಮ ಸುಳ್ಳು ಹೇಳಲಿಲ್ಲ. "ಹಿತ್ತಲ ದಾಸವಾಳದ ಬುಡಕ್ಕೆ ಹಾಕೀನಿ."

"ದಿನಾನೂ?"

"ದಿನಾನೂ. ಮೋರಿಗೆ ಹಾಕಿಲ್ಲ. ತುಳಿಯೋ ಜಾಗಕ್ಕೆ ಹಾಕಿಲ್ಲ. ಎದಿಹಾಲಿಗೆ ಕೊಡೋ ಮರ್ಯಾದಿ ಕೊಟ್ಟೀನಿ."

"ಕೂಸಿನ ಬಾಯಿಗೆ ಹಾಕೋದು ಮರ್ಯಾದಿ."

"ನಿನ್ನೆ ಹಿಂಡಿದ್ದು, ಬಸ್ಸಿನಾಗೆ ಕುದ್ದದ್ದು, ರಾತ್ರಿಯೆಲ್ಲ ತಣ್ಣಗೆ ಕೊಳೆತದ್ದು. ಅಂಥ ತಂಗಳು ಹಾಲು ನನ್ನ ಕೈಯಾರೆ ನಾ ಕುಡಿಸಲ್ಲ."

"ನನ್ನ ಹಾಲು ಸಾಲಲ್ಲ ಅಂದ್ರು ಡಾಕ್ಟ್ರು. ನೀವು ಅಲ್ಲೇ ನಿಂತಿದ್ರಿ. ಕೇಳ್ಕಂಡು ಸುಮ್ನಿದ್ರಿ. ಮನಿಗೆ ಬಂದು ಗಂಜಿ ಕಾಸಿ ಕೊಟ್ರಿ. ಯಾತಕ್ಕೆ? ದಾಸವಾಳಕ್ಕೆ ಹಾಕಾಕೇನು?"

ಗುರುಶಾಂತಮ್ಮ ಕೂಸಿನ ಬಾಯಿ ಒರೆಸಿದಳು. ವಾಣಿ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತು ಹಿಂಡಲಿಲ್ಲ, ಚೆಲ್ಲಲಿಲ್ಲ, ಬಿಸಿಲಿಂದ ಬಂದಂತೆಯೇ ಹಾಕಿಕೊಂಡಳು. ಹೊರಗೆ ಅತ್ತೆ ಬಾಗಿಲು ಬಡಿದಳು. ಎರಡು ಸಲ ಬಡಿದು ಸುಮ್ಮನಾದಳು.

ಮಹಾಂತೇಶ್ ಸಂಜೆ ವಿಷಯ ತಿಳಿದು ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದ. ಪೊಟ್ಟಣವನ್ನು ಯಾರೂ ಬಿಚ್ಚಲಿಲ್ಲ.

"ಅವ್ವಗೆ ತಿಳಿಯಲ್ಲ, ನೀನಾರ ತಿಳ್ಕಾ," ಎಂದ ಹೆಂಡತಿಗೆ. "ಒಂದಾರು ತಿಂಗಳು ಕೆಲಸ ಬಿಟ್ರೆ ಎಲ್ಲ ಸರಿಹೋಗ್ತೈತೆ."

"ಆರು ತಿಂಗಳು ಆ ಜಾಗ ನಂಗೋಸ್ಕರ ಖಾಲಿ ಇರ್ತೈತೇನ್ರಿ? ತಪ್ಪು ಮಾಡಿದ್ದು ಯಾರು, ಬಿಡೋದು ಯಾರು? ನಿಮ್ಮವ್ವಗೆ ಒಂದು ಮಾತು ಕೇಳ್ರಿ."

"ಏನಂತ ಕೇಳ್ಲಿ? ವಯಸ್ಸಾದವರು."

"ಬ್ಯಾಡ ಬಿಡ್ರಿ. ಸೋಮವಾರದಿಂದ ಕೂಸನ್ನ ಹರಿಹರಕ್ಕೆ ಕರ್ಕಂಡು ಹೋಗ್ತೀನಿ."

ಖೈರುನ್ನೀಸಾ ಫೋನಿನಲ್ಲಿ ಒಂದೇ ಮಾತಿಗೆ ಒಪ್ಪಿದ್ದಳು. ಸೋಮವಾರ ಬೆಳಿಗ್ಗೆ ವಾಣಿ ಕೂಸು, ಚೀಲ, ಥರ್ಮೋಕೋಲ್ ಪೆಟ್ಟಿಗೆ ಎಲ್ಲ ಹೊತ್ತು ಹೊರಟಾಗ ಗುರುಶಾಂತಮ್ಮ ಬಾಗಿಲಿಗೆ ಬರಲಿಲ್ಲ. ಮುರುಗೇಶಪ್ಪ ಪೆಟ್ಟಿಗೆ ಕಸಿದುಕೊಂಡು ಬಸ್‌ಸ್ಟಾಪಿನವರೆಗೆ ಜೊತೆಗೆ ನಡೆದ. ನಿಲ್ದಾಣದ ನೆರಳಿನಲ್ಲಿ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಮಹಾಂತೇಶನಿಗಿಂತ ಮೊದ್ಲು ಒಂದು ಗಂಡು ಕೂಸಿತ್ತಮ್ಮ ನಮಗೆ. ವೀರೇಶ ಅಂತ. ಆವಾಗ ಕುಕ್ಕುವಾಡದಾಗಿದ್ವಿ. ನಿಮ್ಮತ್ತಿ ನಾಟಿ ಹಚ್ಚಿ ಬಿಸಿಲಾಗೆ ನಡೆದು ಬಂದಾಳೆ. ಕೂಸು ಅಳ್ತೈತೆ ಅಂತ ಹಿಂಡದಂಗೇ ಹಾಕ್ಕಂಡಾಳೆ. ರಾತ್ರಿ ವಾಂತಿಭೇದಿ ಹತ್ತಿತು. ಮೂರು ದಿನಕ್ಕೆ ಹೋತು."

ವಾಣಿ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ಬಿಸಿಲ ಹಾಲು ಕುಡಿಸಿ ಕೊಂದ್ಲು ಅಂತ ನಮ್ಮವ್ವ ಸಾಯೋತನಕ ಅಂದ್ಲು. ಬಂದವರ ಮುಂದೆ, ಹೋದವರ ಮುಂದೆ."

"ಅವಾಗ ನೀವೇನಂದ್ರಿ ಮಾವ?"

"ನಾನೇನನ್ಲಿ? ನಮ್ಮವ್ವನ ಮುಂದೆ."

ಅವನ ಮಗನೂ ಶನಿವಾರ ಸಂಜೆ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದ. ವಾಣಿಗೆ ಅತ್ತೆಯ ಮೇಲೆ ಕನಿಕರ ಹುಟ್ಟಿತು, ಸಿಟ್ಟು ಮಾತ್ರ ಹೋಗಲಿಲ್ಲ. ಎರಡನ್ನೂ ಹೊತ್ತುಕೊಂಡೇ ಬಸ್ಸು ಹತ್ತಿದಳು.

ದಿನಗಳು ಸುಲಭವಾಗಿರಲಿಲ್ಲ. ಬಸ್ಸಿನ ಕಾವಿಗೆ ಕೂಸಿನ ಕುತ್ತಿಗೆ ತುಂಬ ಬೆವರುಸಾಲೆ ಎದ್ದಿತು. ಖೈರುನ್ನೀಸಾ ಹಳೇ ಸೀರೆಯನ್ನು ತೊಲೆಗೆ ಕಟ್ಟಿ ಜೋಲಿ ಮಾಡಿದ್ದಳು. ವಾಣಿ ಬಂದಾಗ ಎಚ್ಚರವಿದ್ದರೆ ಎದೆಗೆ, ಇಲ್ಲದಿದ್ದರೆ ಬಾಟಲಿಗೆ. ಉಳಿದ ಹೊತ್ತಿನಲ್ಲಿ ಆ ಬಾಟಲಿಯ ಹಾಲನ್ನು ಖೈರುನ್ನೀಸಾ ಚಮಚದಲ್ಲಿ ಕುಡಿಸುವಳು. ಮನೆಯಲ್ಲಿ ಅತ್ತೆ ಸೊಸೆ ಮಾತಿಲ್ಲ. ಆದರೂ ಡಬ್ಬಿಯಲ್ಲಿ ಸಬ್ಬಸಿಗೆ ಪಲ್ಯ ತಪ್ಪಲಿಲ್ಲ, ಎರಡು ರೊಟ್ಟಿ ಹೆಚ್ಚಿರುವುದೂ ತಪ್ಪಲಿಲ್ಲ.

ಹನ್ನೆರಡು ದಿನಕ್ಕೆ ತೂಕ ನೋಡಿಸಿಕೊಂಡು ಬಂದ ವಾಣಿ ಊಟಕ್ಕೆ ಕೂತಾಗ ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಕೂಸು ತೂಕ ಏರೈತಂತೆ. ಹಿಂದಿನ ಒಂದು ತಿಂಗಳಾಗೆ ಏರದಷ್ಟು."

"ಯಾವ ಹಾಲಿಗೆ?" ಎಂದು ಮುರುಗೇಶಪ್ಪ ಬೇಕೆಂದೇ ಕೇಳಿದ.

"ಅದೇ ತಂಗಳು ಹಾಲಿಗೆ."

ಗುರುಶಾಂತಮ್ಮ ಅನ್ನ ಬಡಿಸಿ ಹಿತ್ತಲಿಗೆ ಹೋದಳು. ಎಲ್ಲರ ಊಟ ಮುಗಿದರೂ ಒಳಗೆ ಬರಲಿಲ್ಲ.

ಮರುದಿನ ಹನ್ನೊಂದಕ್ಕೆ ವಾಣಿ ಲ್ಯಾಬಿನ ಮೆಟ್ಟಿಲಿಳಿದು ಬಂದರೆ ಅಂಗಡಿಯ ಬಾಗಿಲಲ್ಲಿ ಅತ್ತೆಯ ಚಪ್ಪಲಿ. ಒಳಗೆ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು, ಒಂದು ಬಟ್ಟೆಯ ಗಂಟು ಹಿಡಿದು ಗುರುಶಾಂತಮ್ಮ ಕೂತಿದ್ದಳು. ಒಬ್ಬಳೇ ಬಸ್ಸು ಹತ್ತಿ ಅವಳಿಗೆ ಅಭ್ಯಾಸವಿರಲಿಲ್ಲ, ಮುಖ ಬಾಡಿತ್ತು.

"ಒಳಲೆ ಬಿಟ್ಟು ಬಂದಿದ್ದಿ," ಎಂದಳು. "ಕೊಟ್ಟು ಹೋಗಾಣ ಅಂತ ಬಂದೆ."

ಬಿಟ್ಟು ಬರತೊಡಗಿ ಎರಡು ವಾರವಾಗುತ್ತ ಬಂದಿತ್ತು. ಕೂಸು ಜೋಲಿಯಲ್ಲಿ ನಿದ್ದೆ ಹೋಗಿತ್ತು. ಅವಳು ಕೈ ತೊಳೆದುಕೊಂಡು ಪರದೆಯ ಹಿಂದೆ ಹೋದಳು. ಸ್ವಲ್ಪ ಹೊತ್ತಿಗೆ ಪರದೆ ಸರಿಸಿ ಅತ್ತೆಯೂ ಬಂದು ಎದುರು ನಿಂತಳು. ಸೊಸೆ ಹಾಲು ತೆಗೆಯುವುದನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ರಕ್ತ ಉಚ್ಚೆಗಳ ನಡುವೆ, ಯಾವುದೋ ಯಂತ್ರದ ಬಾಯಿಗೆ ಎಂದು ತಿಳಿದಿದ್ದಳು. ಇಲ್ಲಿ ನೋಡಿದರೆ ಇವಳದೇ ಕೈ, ಇವಳದೇ ಒತ್ತು. ಎಷ್ಟು ಒತ್ತಿದರೂ ಹನಿ, ಮತ್ತೊಂದು ಹನಿ. ಬೆರಳು ನೋಯುತ್ತಿದ್ದವು, ಬದಲಿಸಿಕೊಳ್ಳುತ್ತಿದ್ದಳು.

"ಇಷ್ಟಕ್ಕೆ ಇಷ್ಟೊತ್ತೇನೇ?"

"ಹೂಂ ಅತ್ತಿ. ದಿನಾ ಇಷ್ಟೊತ್ತು."

ಹಿತ್ತಲಲ್ಲಿ ಬಾಟಲಿ ಬಗ್ಗಿಸಲು ಗುರುಶಾಂತಮ್ಮನಿಗೆ ಒಂದು ಉಸಿರಿನಷ್ಟು ಹೊತ್ತು ಸಾಕಾಗುತ್ತಿತ್ತು. ಅವಳು ಸೊಸೆಯ ಎದುರು ನೆಲಕ್ಕೆ ಕೂತಳು.

ವಾಣಿ ಮುಗಿಸಿ ಏಳುವಾಗ ಕೂಸು ಎದ್ದಿತು. ಎದೆ ಈಗಷ್ಟೇ ಖಾಲಿಯಾಗಿತ್ತು. ಅವಳು ಪೆಟ್ಟಿಗೆಯಿಂದ ಹಳೇ ಬಾಟಲಿ ತೆಗೆದು ಪಟ್ಟಿ ನೋಡಿ, "ನಿನ್ನೆ ಮೂರು ಗಂಟೇದು," ಎಂದಳು. ಹಳೆಯದು ಮೊದಲು ಮುಗಿಯಬೇಕು. ಬಿಸಿನೀರಿನಲ್ಲಿಟ್ಟು ಬೆಚ್ಚಗಾದ ಮೇಲೆ ರೂಢಿಯಂತೆ ಖೈರುನ್ನೀಸಾಳ ಕಡೆ ಚಾಚಿದಳು. ನಡುವೆ ಇನ್ನೊಂದು ಕೈ ಬಂದು ನಿಂತಿತ್ತು. ಮೂವರಿಗೂ ಕಂಡಿತು.

"ನಂಗೆ ಬ್ಲೌಸು ಅರ್ಜೆಂಟ್ ಐತಮ್ಮ," ಎಂದಳು ಖೈರುನ್ನೀಸಾ ಮಷೀನಿನತ್ತ ತಿರುಗಿ. "ಅಜ್ಜಿ ಬಂದಾರಲ್ಲ."

ವಾಣಿ ಬಾಟಲಿಯನ್ನು ಬಿಡಲಿಲ್ಲ. ಆ ಕೈಯನ್ನು ನಂಬಲು ಅವಳಿಗೆ ಭಯವಾಗುತ್ತಿತ್ತು. ಕೂಸು ಅಳುತ್ತಿತ್ತು. ಕೊನೆಗೆ ಕೊಟ್ಟಳು.

ಗುರುಶಾಂತಮ್ಮ ಒಂದು ಹನಿಯನ್ನು ಅಂಗೈಗೆ ಹಾಕಿಕೊಂಡು ಮೂಸಿದಳು. ನಾಲಗೆಗೆ ಹಚ್ಚಿಕೊಂಡಳು.

"ಹುಳಿ ಆಗಿಲ್ಲ." ಇನ್ನೊಂದು ಹನಿ ಹಾಕಿಕೊಂಡಳು. "ಸಿಹಿ ಐತೆ. ಇದು ನಿನ್ನೇದು ಅಂದೆಲ್ಲ?"

"ನಿನ್ನೇದೇ. ಮನಿಗೆ ಹೋಗಿ ರಾತ್ರಿ ಇದ್ದು ಮತ್ತೆ ಬಂದೈತೆ."

ಅವಳು ಕೂಸನ್ನು ತೊಡೆಗೆ ಹಾಕಿಕೊಂಡು, ಒಳಲೆ ತುಂಬಿ ಮೂತಿಯನ್ನು ತುಟಿಗಿಟ್ಟಳು. ಅಜ್ಜಿಯ ಕೈ, ಗುರುತಿನ ಒಳಲೆ. ಕೂಸು ಗುಟುಕು ಗುಟುಕು ಕುಡಿಯತೊಡಗಿತು. ಎರಡು ಒಳಲೆ ಮುಗಿದವು. ಆಮೇಲೆ ಗುರುಶಾಂತಮ್ಮ ತಲೆ ಎತ್ತದೆ ಕೇಳಿದಳು:

"ಹಂಗಾದ್ರೆ, ಗದ್ದಿಂದ ಮನಿಗೆ ನಡೆದು ಬರೋದ್ರಾಗ ನಂದು ಕೆಟ್ಟಿರಲಿಲ್ಲ."

"ಕೆಟ್ಟಿರಲಿಲ್ಲ ಅತ್ತಿ."

"ನಿಂಗೆ ಗೊತ್ತೈತಿ, ಖರೇ?"

"ಖರೇ ಗೊತ್ತೈತಿ. ಎದೆಯೊಳಗಿನ ಹಾಲು ಬಿಸಿಲಿಗೆ ಕೆಡಲ್ಲ."

"ಮೂವತ್ತಾರು ವರ್ಷ ಆತು," ಎಂದಳು ಗುರುಶಾಂತಮ್ಮ. ಕೂಸಿನ ತುಟಿ ಒರೆಸಿ, "ಹಂಗಾದ್ರೆ ಅದು ಯಾಕ ಸತ್ತಿತು?"

ವಾಣಿಗೆ ಅದು ಗೊತ್ತಿರಲಿಲ್ಲ. ಮೇಲಿನಿಂದ ಲ್ಯಾಬಿನವರು ಅವಳ ಹೆಸರು ಹಿಡಿದು ಕೂಗಿದರು, ಅವಳು ಏಳಲಿಲ್ಲ. ಖೈರುನ್ನೀಸಾಳ ಮಷೀನು ನಿಂತಿತ್ತು. ಕೂಸು ಇನ್ನೂ ಬೇಕೆಂದು ಬಾಯಿ ತೆರೆಯಿತು. ಗುರುಶಾಂತಮ್ಮ ಕಣ್ಣೀರು ಒರೆಸಿಕೊಳ್ಳಲೂ ಕೈ ಎತ್ತದೆ, ಬಾಟಲಿಯ ತಳದಲ್ಲಿ ಉಳಿದದ್ದನ್ನು ಒಂದು ಹನಿಯೂ ಕೆಳಗೆ ಬೀಳದಂತೆ ಒಳಲೆಗೆ ಬಗ್ಗಿಸಿದಳು.